ಮುದ್ದೆಯೊಳಗಿನ ಬಿಳಿ ಚೂರು

ಚಪ್ಪಲಿ ಬಿಡುವುದನ್ನೂ ಮರೆತು ರಾಧ ಕುಪ್ಪುಸ್ವಾಮಿಯವರ ಜಗುಲಿ ಹತ್ತಿದಳು. ಕೈಯಲ್ಲಿ ಬಟ್ಟೆಯ ಬ್ಯಾಗಿತ್ತು. ತಿಂಡಿ ಮುಗಿಸಿ ಶುಗರ್ ಮಾತ್ರೆ ನುಂಗುತ್ತಿದ್ದ ಮುದುಕರು ಲೋಟ ಕೆಳಗಿಟ್ಟರು.

"ಮೊದ್ಲು ಕೂತ್ಕೊ ಕಣ್ಣು. ತ್ರಿವೇಣಿ ಪಾಪಾ, ಟೀ ಕೊಡು. ಅಳೋದು ಆಮೇಲೆ," ಎಂದರು ತಮಿಳಿನ ಮುದ್ದು ಬೆರೆಸಿ.

ತ್ರಿವೇಣಿ ಟೀ ತರಲು ಎದ್ದಳು. ರಾಧ ಅವಳ ಕಾಲೇಜಿನ ಗೆಳತಿ. ಬಂಗಾರಪೇಟೆಯ ಆಚೆ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದವಳು. ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವ ತ್ರಿವೇಣಿಗೆ ಗೆಳತಿಯೆಂದು ಇದ್ದವಳು ಇವಳೊಬ್ಬಳೇ. ಪಕ್ಕದ ಮನೆಯ ತಾತನಿಗೆ ಮಂಡಿನೋವು ಬಂದ ಮೇಲೆ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಲೆಯುವುದು ತ್ರಿವೇಣಿಯ ಪಾಲಿಗೆ ಬಂದಿತ್ತು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ, ಪಾಳಿ ಮುಗಿಸಿ ಮೇಲೆ ಬರುವವರ ಮೈ, ಚೀಲ, ಊಟದ ಡಬ್ಬಿ ತಪಾಸಣೆ ಮಾಡುವುದು ಕುಪ್ಪುಸ್ವಾಮಿಯವರ ಕೆಲಸ. ಗಣಿ ನಿಂತಿತು, ಅವರ ಹುಡುಕುವ ಕಣ್ಣು ನಿಲ್ಲಲಿಲ್ಲ. ಕೋಳಿ ಕಳೆದರೂ ಓಲೆ ಕಳೆದರೂ ಊರಿಗಾಂ ಗಣಿ ಲೈನಿನ ಮನೆಗಳವರು ಇದೇ ಜಗುಲಿಗೆ ಬರುತ್ತಿದ್ದರು.

"ನಾನು ನಮ್ಮ ಮಾವಂಗೆ ಊಟದಲ್ಲಿ ಮದ್ದು ಹಾಕ್ತಿದೀನಂತೆ ತಾತ," ಎಂದಳು ರಾಧ. "ಗುಟ್ಟಾಗಿ ಏನೋ ಬೆರೆಸಿ ಅವ್ರನ್ನ ಸೊರಗಿಸ್ತಿದೀನಂತೆ."

ಅವಳ ಮಾವ ಮುನಿನಾರಾಯಣಪ್ಪ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಗಟ್ಟಿ ಆಳು. ಯುಗಾದಿಯಿಂದೀಚೆಗೆ ಹೊಟ್ಟೆ ಗುಡುಗುಡು, ಭೇದಿ. ಹಸಿವಿಲ್ಲದೆ ಕಡ್ಡಿಯಾಗಿದ್ದರು. ಮೊನ್ನೆ ಡೈರಿಯ ಮುಂದೆಯೇ ಕ್ಯಾನಿನ ಸಮೇತ ಕುಸಿದಿದ್ದರು. ಡಾಕ್ಟರು ರಕ್ತ ನೋಡಿ, ಯಾವುದಾದರೂ ಮಾತ್ರೆ ತಗೋತೀರಾ ಎಂದು ಕೇಳಿದರೆ, ಜನ್ಮದಲ್ಲಿ ನುಂಗಿಲ್ಲ ಎಂದಿದ್ದರು. ನಿನ್ನೆ ನಾದಿನಿ ಪುಷ್ಪ ತವರಿಗೆ ಬಂದವಳು ಅಪ್ಪ ಬಿಟ್ಟಿದ್ದ ಮುದ್ದೆಯಲ್ಲಿ ಬಿಳಿ ಚೂರೊಂದನ್ನು ಕಂಡಳು.

"ಒಲೆ ಮುಂದೆ ನಿಲ್ಲೋದು ನಾನೇ ತಾನೆ? ನಾಲ್ಕು ದಿನ ನಿಮ್ಮಮ್ಮನ ಮನೇಲಿರು ಅಂದ್ರು ಇವರು. ಆ ನಾಲ್ಕು ದಿನ ಮುಗಿಯಲ್ಲ ತಾತ, ನಂಗೊತ್ತು."

"ಎಲ್ಲರದೂ ಒಂದೇ ಪಾತ್ರೆ ಊಟವಾ?"

"ಹೂಂ. ಬೇರೆ ಯಾರಿಗೂ ಏನೂ ಆಗಿಲ್ಲ."

"ಅವ್ರಿಗೆ ಹೊಟ್ಟೆ ಸರಿ ಇರೋ ದಿನ ಅಂತ ಒಂದಾದ್ರೂ ಇದೆಯಾ?"

ರಾಧ ಯೋಚಿಸಿದಳು. "ಭಾನುವಾರ. ಶನಿವಾರ ತಿಮ್ಮಪ್ಪಂಗೆ ಒಪ್ಪತ್ತು, ಮುದ್ದೆ ಮುಟ್ಟಲ್ಲ. ರಾತ್ರಿ ಉಪ್ಪಿಟ್ಟು ಅಷ್ಟೇ. ಮಾರನೇ ದಿನ ನಗ್ತಾ ಹಾಲು ಕರೀತಾರೆ."

ಕುಪ್ಪುಸ್ವಾಮಿ ಕೋಲು ಕೈಗೆತ್ತಿಕೊಂಡರು. "ಇವತ್ತು ರಾತ್ರಿ ನಿಮ್ಮನೇಲಿ ನಂಗೂ ಒಂದು ಮುದ್ದೆ. ಬ್ಯಾಗು ತಗೊಂಡೇ ನಡಿ."

ಸಂಜೆ ರಾಧ ಬಸ್ಸಿನಲ್ಲಿ, ತ್ರಿವೇಣಿ ಮತ್ತು ತಾತ ಸ್ಕೂಟರಿನಲ್ಲಿ ಹೊರಟರು. ಗಣಿ ಮಣ್ಣಿನ ಸೈನೈಡ್ ದಿಬ್ಬ ದಾಟಿ, ಬಂಗಾರಪೇಟೆ ಸ್ಟೇಷನ್ನಿನ ಬಳಿ ಅವಳ ಬಸ್ಸಿಗೆ ಕಾದು, ಮೂವರೂ ಹಳ್ಳಿ ಸೇರಿದರು. ಹೊಸಿಲಲ್ಲೇ ಪುಷ್ಪ ನಿಂತಿದ್ದಳು. "ಬಂದ್ಲು ನೋಡು, ಸಾಕ್ಷೀನೂ ಕರ್ಕೊಂಡು."

"ಸಾಕ್ಷಿ ಅಲ್ಲಮ್ಮಾ, ಹಸಿದೋರು," ಎಂದರು ಕುಪ್ಪುಸ್ವಾಮಿ.

ಅತ್ತೆ ಆದಿಲಕ್ಷ್ಮಿ ಮಾತ್ರ ತ್ರಿವೇಣಿಯ ಗಲ್ಲ ಸವರಿ ಪಕ್ಕದಲ್ಲಿ ಕೂರಿಸಿಕೊಂಡಳು. ಮಾತಿನ ನಡುವೆ ಮತ್ತೆ ಮತ್ತೆ ಚೊಂಬಿನ ನೀರು ಕುಡಿಯುತ್ತಿದ್ದಳು, ಮತ್ತೆ ಮತ್ತೆ ಹಿತ್ತಿಲಿಗೆ ಹೋಗುತ್ತಿದ್ದಳು.

"ಅತ್ತೆಗೆ ಶುಗರ್," ಎಂದಳು ರಾಧ. "ಶೀಟು ಖಾಲಿಯಾದ ಕೂಡ್ಲೆ ಮಾತ್ರೆ ತಂದ್ಕೊಡ್ತೀನಿ. ಆದ್ರೂ ಈಚೆಗೆ ಏರ್ತಾನೇ ಇದೆ."

ಮುದುಕಿ ಸೊಸೆಯತ್ತ ನೋಡಲಿಲ್ಲ. ತ್ರಿವೇಣಿಯ ಕೈಯಲ್ಲಿದ್ದ ಫೋನು ತೋರಿಸಿ, "ನಿನ್ ಫೋನ್ನಾಗೂ ಆ ಡಾಕ್ಟ್ರು ಬತ್ತಾನೇನವ್ವ? ವಯಸ್ಸು ನಿಲ್ಸೋದು ಏಳ್ತಾನಲ್ಲ, ಕನ್ನಡಕದೋನು?" ಎಂದು ಮೆಲ್ಲಗೆ ಕೇಳಿದಳು. ತ್ರಿವೇಣಿ ಅದನ್ನು ತಾತನ ಕಿವಿಯಲ್ಲಿ ಹೇಳಿದಳು. ಅವರು ಮೀಸೆ ಸವರಿಕೊಂಡರು.

ರಾಧ ಕೋಲಿನಿಂದ ಹಿಟ್ಟು ತಿರುವಿ ಮಣೆಯ ಮೇಲೆ ಸುರಿದಳು. ಆದಿಲಕ್ಷ್ಮಿ ಸೆರಗು ಸಿಕ್ಕಿಸಿ, ಕೈ ಒದ್ದೆ ಮಾಡಿಕೊಂಡು, ಹಬೆಯಾಡುವ ಹಿಟ್ಟನ್ನು ಉಂಡೆ ಕಟ್ಟತೊಡಗಿದಳು.

"ನಮ್ಮನ್ಯಾಗೆ ಇವತ್ತೂ ಮುದ್ದೆ ಕಟ್ಟೋದು ನಮ್ಮ ಆದೀನೇ," ಎಂದರು ಮುನಿನಾರಾಯಣಪ್ಪ. ದನಿ ಬಡವಾಗಿತ್ತು, ಹೆಮ್ಮೆ ಬಡವಾಗಿರಲಿಲ್ಲ.

ತಟ್ಟೆಗಳು ಬಂದವು. ಮುನಿನಾರಾಯಣಪ್ಪ, ಮಗ ಮುನೀಂದ್ರ, ಪುಷ್ಪ, ಎಲ್ಲರೂ ಕೂತಿದ್ದರು. ಮುನಿನಾರಾಯಣಪ್ಪ ತುತ್ತು ಮುರಿದು ಸಾರಿಗೆ ಅದ್ದುವಷ್ಟರಲ್ಲಿ ಕುಪ್ಪುಸ್ವಾಮಿ ಅವರ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

"ನಂದು ದಪ್ಪ ಆಯ್ತು ಯಜಮಾನ್ರೆ. ನಿಮ್ದು ನಂಗಿರಲಿ."

"ಅದು ಬ್ಯಾಡ," ಎಂದಳು ಆದಿಲಕ್ಷ್ಮಿ. ಆ ಎರಡು ಮಾತಿಗೆ ಮನೆಯೆಲ್ಲ ತಿರುಗಿ ನೋಡಿತು.

ಕುಪ್ಪುಸ್ವಾಮಿ ಮುದ್ದೆಯನ್ನು ನಿಧಾನವಾಗಿ ಬಿಡಿಸಿದರು. ಒಳಗೆ ಒಂದು ಬಿಳಿ ಚೂರು, ಇನ್ನೊಂದು ಕಡೆ ಮತ್ತೊಂದು.

"ಗಣೀಲಿ ಒಬ್ಬ ಬಂಗಾರದ ಚೂರನ್ನ ಹೀಗೇ ಮುದ್ದೇಲಿ ಮುಚ್ಚಿ ಡಬ್ಬಿಯಲ್ಲಿ ತಂದಿದ್ದ," ಎಂದರು. "ಮುದ್ದೆಯನ್ನ ಯಾರೂ ಅಗಿಯಲ್ಲ, ನುಂಗ್ತಾರೆ. ಕಹಿ ಇದ್ರೂ ನಾಲಿಗೆಗೆ ಗೊತ್ತಾಗಲ್ಲ. ಉಪ್ಪಿಟ್ಟು ಅಗೀಲೇಬೇಕು, ಅದಕ್ಕೇ ಭಾನುವಾರ ಯಜಮಾನ್ರ ಹೊಟ್ಟೆ ನೆಟ್ಟಗಿರ್ತಿತ್ತು. ಅಂದ್ರೆ ಚೂರು ಇರೋದು ಮುದ್ದೆಯಲ್ಲೇ. ರಾಧ ಪಾತ್ರೆಗೆ ಹಾಕಿದ್ರೆ ಎಲ್ರೂ ಮಲಗ್ತಿದ್ರಿ. ಒಬ್ಬರ ಮುದ್ದೆಗೆ ಮಾತ್ರ ಬರ್ಬೇಕಂದ್ರೆ ಅದು ಕಟ್ಟೋ ಕೈಯಿಂದ."

ಪುಷ್ಪಳ ತುತ್ತು ಕೈಯಲ್ಲೇ ನಿಂತಿತ್ತು. "ಅವ್ವ ಯಾಕೆ ಅಪ್ಪಂಗೆ ವಿಷ ಆಕ್ತಾಳೆ?"

"ವಿಷ ಅಲ್ಲಮ್ಮಾ. ನಾನು ಶುಗರ್ ಮಾತ್ರೆ ಶುರು ಮಾಡಿದಾಗ ನನ್ನ ಹೊಟ್ಟೆಯೂ ಹೀಗೇ ಗುಡುಗಿತ್ತು. ಇಲ್ಲಿ ನೋಡಿದ್ರೆ ನಿಮ್ಮವ್ವನ ಮಾತ್ರೆ ಖಾಲಿ ಆಗ್ತಿದೆ, ಸಕ್ಕರೆ ಮಾತ್ರ ಇಳೀತಿಲ್ಲ, ನೀರು ಸಾಲ್ತಿಲ್ಲ. ಅಂದ್ಮೇಲೆ ಮಾತ್ರೆ ಬೇರೆ ಹೊಟ್ಟೆಗೆ ಹೋಗ್ತಿದೆ. ಯಾಕೆ ಅನ್ನೋದು ಫೋನಿನ ಡಾಕ್ಟ್ರ ಮಾತಲ್ಲಿದೆ. ಪಾಪಾ, ಅದನ್ನ ಪೂರ್ತಿ ಹಾಕು."

ತ್ರಿವೇಣಿ ಫೋನಿನಲ್ಲಿ ಹುಡುಕಿದಳು. ಕನ್ನಡಕದ ಡಾಕ್ಟರ ವಿಡಿಯೊ ಸಿಕ್ಕಿತು. ಶುಗರ್ ಇಲ್ಲದವರಿಗೂ ಮೆಟ್ಫಾರ್ಮಿನ್ ಮಾತ್ರೆ ಮುಪ್ಪನ್ನು ನಿಧಾನ ಮಾಡಬಹುದೇನೋ ಎಂದು ಅವನು ಹೇಳುತ್ತಿದ್ದಂತೆ ಆದಿಲಕ್ಷ್ಮಿ ತಲೆಯಾಡಿಸಿದಳು. "ಅವ್ನೇ. ಇಷ್ಟಕ್ಕೇ ಪುಷ್ಪನ ಮಗ ಫೋನ್ ಕಿತ್ಕೊಂಡಿದ್ದ, ಮುಂದಿಂದು ನಾನು ಕೇಳ್ಲೇ ಇಲ್ಲ."

ಆಮೇಲಿನ ಮಾತುಗಳು ಇಂಗ್ಲಿಷ್ ಬೆರೆತಿದ್ದವು. ಎಲ್ಲರೂ ತನ್ನನ್ನೇ ನೋಡುತ್ತಿರುವುದು ತಿಳಿದು ತ್ರಿವೇಣಿ ರಾಧಳ ಬ್ಯಾಗಿನ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು: "ಇನ್ನೂ ಪರೀಕ್ಷೆ ನಡೀತಿದೆಯಂತೆ ಅಜ್ಜಿ. ಆಯಸ್ಸು ಹೆಚ್ಚುತ್ತೆ ಅಂತ ಯಾರೂ ಖಚಿತವಾಗಿ ಹೇಳಿಲ್ಲ. ಡಾಕ್ಟ್ರನ್ನ ಕೇಳದೆ ಯಾರೂ ತಗೋಬಾರ್ದು ಅಂತಾನೂ ಹೇಳ್ತಿದಾನೆ."

ಆದಿಲಕ್ಷ್ಮಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಬಿಡಿಯಾಗಿ ಕೊಟ್ರೆ ಇವ್ನು ನುಂಗಾಕಿಲ್ಲ. ಅರ್ಧ ನಾನು, ಅರ್ಧ ಅವ್ನು. ಒಟ್ಟೆ ಕೆಟ್ಟಾಗ ಬೇಸಗೆ ಅಂದ್ಕೊಂಡೆ. ಡೈರಿ ತಾವ ಬಿದ್ದಾಗ ಆಯಸ್ಸು ಸಾಲ್ದು ಅಂತ ಇನ್ನೊಂದ್ಚೂರು ಸೇರ್ಸ್ದೆ." ಗಂಡನತ್ತ ಕೈ ತೋರಿದಳು. "ಈ ಮನ್ಯಾಗೆ ನನ್ನ ಅವ್ವ ಅಂತಾರೆ, ಅತ್ತೆ ಅಂತಾರೆ, ಅಜ್ಜಿ ಅಂತಾರೆ. ಆದೀ ಅನ್ನೋನು ಇವ್ನೊಬ್ನೇ. ಇವ್ನು ಮುಂದಾಗಿ ಓದ್ರೆ ನನ್ನೆಸ್ರು ಯಾರ ಬಾಯಾಗುಳೀತದೆ?"

"ಸೊಸೇನ ಕಳಿಸ್ತಾರೆ ಅಂದಾಗ್ಲೂ ಬಾಯಿ ಬಿಡ್ಲಿಲ್ಲವಲ್ಲ?" ಎಂದರು ಕುಪ್ಪುಸ್ವಾಮಿ, ಗದರದೆ.

"ಅದೇ ತಪ್ಪು," ಎಂದು ಮುದುಕಿ ಸೊಸೆಯ ಕೈ ಹಿಡಿದಳು. "ಏಳಿದ್ರೆ ಮಾತ್ರೆ ನಿಲ್ಸ್ತೀರ, ಇವ್ನು ಓಗ್ಬಿಡ್ತಾನೆ ಅಂತ ಬಾಯಿ ಕಟ್ಕೊಂಡಿತ್ತು ಕಣವ್ವ."

ಮುನಿನಾರಾಯಣಪ್ಪ ಬಿಡಿಸಿದ ಮುದ್ದೆಯಿಂದ ತಲೆಯೆತ್ತಿ ಹೆಂಡತಿಯತ್ತ ತಿರುಗಿದರು. "ನಿನ್ ಮಾತ್ರೆ ನಂಗಿಕ್ಕಿ ನೀನು ಮುಂದಾಗಿ ಓಗಿದ್ರೆ, ನಾನು ಯಾರ್ನ ಆದೀ ಅಂತ ಕೂಗ್ಲಿ ಕಣ್ಲೇ?"

ಗೂಡಿನಿಂದ ಶೀಟು ತೆಗೆದು ಇಡೀ ಮಾತ್ರೆಯೊಂದನ್ನು ಅವಳ ಅಂಗೈಗಿಟ್ಟರು. ಮೊದಲು ಊಟ ಮುಗಿಯಲಿ, ನಾಳೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿ ಎಂದರು ಕುಪ್ಪುಸ್ವಾಮಿ. ಮುದುಕಿ ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದು, ಮಣೆಯನ್ನು ರಾಧಳತ್ತ ಸರಿಸಿದಳು. "ಇನ್ಮೇಲೆ ನೀನೇ ಕಟ್ಟು."

ರಾಧ ಮಣೆಯನ್ನು ಹಿಂದಕ್ಕೆ ತಳ್ಳಿದಳು. "ನೀವೇ ಕಟ್ಟಿ ಅತ್ತೆ. ನಾನು ಎದುರಿಗೆ ಕೂತಿರ್ತೀನಿ."

ಆಗ ಪುಷ್ಪ ಎದ್ದಳು. ಕೈ ತೊಳೆದುಕೊಂಡು, ಹೊಸಿಲ ಬಳಿಯಿದ್ದ ಬಟ್ಟೆಯ ಬ್ಯಾಗನ್ನೆತ್ತಿ, ಯಾರ ಮುಖವನ್ನೂ ನೋಡದೆ ರಾಧಳ ಕೋಣೆಯೊಳಗೆ ಇಟ್ಟು ಬಂದಳು.