ಬಣ್ಣ ನೋಡಿ ಕೊಂಡ ಕೆಂಪು ಕಾರು

"ಎಂಜಿನ್ ಬಂದ್ ಮಾಡ್ರಿ. ತಣ್ಣಗಾಗೋತನ ನಾನು ಇದನ್ನ ಮುಟ್ಟೂದಿಲ್ಲ."

ದನಿ ಎಲ್ಲಿಂದ ಬಂತೆಂದು ಸಿದ್ದಲಿಂಗೇಶ ಸುತ್ತ ನೋಡಿದ. ಗ್ಯಾರೇಜಿನಲ್ಲಿ ಕಂಡದ್ದು ಒಂದು ಜೀಪು, ಅದರ ಕೆಳಗೆ ಎರಡು ಕಾಲು. ಮರುಕ್ಷಣ ಇಪ್ಪತ್ನಾಲ್ಕರ ಹುಡುಗಿಯೊಬ್ಬಳು ಜೀಪಿನಡಿಯಿಂದ ಜಾರಿಕೊಂಡು ಹೊರಬಂದಳು. ಚೂಡಿದಾರದ ಮೇಲೆ ಅಪ್ಪನ ಹಳೆಯ ಖಾಕಿ ಅಂಗಿ, ಗಲ್ಲಕ್ಕೆ ಗ್ರೀಸು.

ಬಂದ ಕೆಲಸವೇ ಅವನಿಗೆ ಮರೆತುಹೋಯಿತು.

"ಪ್ರಭುಲಿಂಗಪ್ಪ ಮೇಸ್ತ್ರಿಯವರು...?"

"ಅವರು ನಮ್ಮಪ್ಪ. ಅಲ್ಲಿ ಕುಂತಾರ. ಗಾಡಿ ನೋಡೂದು ನಾನು."

ಬಾಗಿಲ ಬಳಿ ಕುರ್ಚಿಯಲ್ಲಿದ್ದ ಪ್ರಭುಲಿಂಗಪ್ಪ ನಕ್ಕರು. ಎರಡು ವರ್ಷದಿಂದ ಅವರ ಬಲಗೈ ನಡುಗುತ್ತಿತ್ತು. "ಕಿವಿ ನಂದು, ಕೈ ನನ್ನ ಮಗಳು ಭುವನಾಂದು. ಅಂಜಬ್ಯಾಡ್ರಿ, ಕುಂದ್ರಿ," ಎಂದರು.

ಇದು ೨೦೦೭ರ ಜನವರಿಯ ಮಾತು. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸುವಂಥ ಸ್ಪೋರ್ಟ್ಸ್ ಕಾರು ರಾಣೆಬೆನ್ನೂರಿನ ಗ್ಯಾರೇಜಿಗೆ ಬಂದರೆ ಮಂದಿ ಸುಮ್ಮನಿರುತ್ತಾರೆಯೇ? ಅರ್ಧ ಓಣಿ ಅಲ್ಲೇ ನಿಂತಿತ್ತು. ಕಾರನ್ನು ಮುಂಬೈಯಿಂದ ತಂದವನು ಹಾವೇರಿಯ ಪರಮೇಶಪ್ಪ, ಹಳೇ ಗಾಡಿ ಮಾರುವುದೇ ಅವನ ವ್ಯಾಪಾರ. ಕೊಳ್ಳಲು ಬಂದವನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಸಿದ್ದಲಿಂಗೇಶ. ಹೈಸ್ಕೂಲಿನಲ್ಲಿ ಲೆಕ್ಕದ ಪುಸ್ತಕದೊಳಗೆ ಇಂಥದೇ ಕಾರಿನ ಚಿತ್ರವಿಟ್ಟುಕೊಂಡು ಲೆಕ್ಕದಲ್ಲಿ ನಪಾಸಾದವನು.

"ತಣ್ಣಗಾಗೋತನ ಯಾಕ ಕಾಯಬೇಕ್ರಿ?" ಎಂದು ಕೇಳಿದ.

"ಬಿಸಿ ಎಂಜಿನ್ ಎಲ್ಲಾರ ಮುಂದೂ ಚಂದ ಮಾತಾಡತೈತಿ. ಖರೇ ಗೊತ್ತಾಗೂದು ತಣ್ಣಗಿದ್ದಾಗ."

ಭುವನಾ ಕಾಯ್ದಳು. ಆಮೇಲೆ ಕರ್ಚೀಫಿನಲ್ಲಿ ಒಂದು ಅಯಸ್ಕಾಂತ ಸುತ್ತಿ ಕಾರಿನ ಮೈಮೇಲೆ ಆಡಿಸತೊಡಗಿದಳು. ಎಲ್ಲ ಕಡೆ ಅಂಟುತ್ತಿದ್ದದ್ದು ಮುಂದಿನ ಬಲಗಾಲಿಯ ಮೇಲೆ ಬಂದಾಗ ಅಂಟದೆ ಕೆಳಗೆ ಬಿತ್ತು.

"ಇಲ್ಲಿ ತಗಡಿಲ್ಲ. ಪುಟ್ಟಿ ತುಂಬಿ ಬಣ್ಣಾ ಹೊಡದಾರ," ಎಂದಳು.

ಪರಮೇಶಪ್ಪ ಕೆಮ್ಮಿದ.

ಹೆದ್ದಾರಿಯಲ್ಲಿ ಓಡಿಸಿ ನೋಡಬೇಕಿತ್ತು. ಅವಳು ಸ್ಟೇರಿಂಗ್ ಹಿಡಿದಳು, ಸಿದ್ದಲಿಂಗೇಶ ಪಕ್ಕದಲ್ಲಿ ಕುಳಿತ. ಹಾವೇರಿ ದಿಕ್ಕಿಗೆ ತಿರುಗಿ ಕಾಲೊತ್ತಿದಾಗ ಎಂಜಿನ್ ಗುಡುಗಿತು, ಭುವನಾ ತನಗರಿವಿಲ್ಲದೆ ನಕ್ಕುಬಿಟ್ಟಳು. ಇಂಥ ಎಂಜಿನ್ನು ಅವಳ ಕೈಗೆ ಸಿಕ್ಕದ್ದು ಅದೇ ಮೊದಲು! ಅವನು ರಸ್ತೆ ನೋಡುವುದು ಬಿಟ್ಟು ಆ ನಗೆಯನ್ನೇ ನೋಡುತ್ತಿದ್ದ.

ಎಂಬತ್ತಕ್ಕೆ ಬಂದಾಗ, ಕಾರು ನೆಟ್ಟಗೆ ಓಡುತ್ತದೋ ನೋಡಲು ಅವಳು ಸ್ಟೇರಿಂಗಿನಿಂದ ಎರಡೂ ಕೈ ಬಿಟ್ಟಳು. ಕಾರು ಎಡಕ್ಕೆ ಸರಿಯಿತು. ಅವನು ಬಾಗಿಲನ್ನು ಗಟ್ಟಿಯಾಗಿ ಹಿಡಿದ.

"ಅಂಜಿದ್ರೇನು?"

"ಇಲ್ರಿ..." ಎಂದ. ಆಮೇಲೆ, "ಸುಳ್ಳು ಹೇಳಿದೆ. ಅಂಜೀನಿ," ಎಂದ.

ಭುವನಾಳ ಮನಸ್ಸು ಅಲ್ಲೇ ತುಸು ಜಾರಿತು. ಅವಳನ್ನು ನೋಡಲು ಇಬ್ಬರು ವರಗಳು ಬಂದುಹೋಗಿದ್ದರು. ಇಬ್ಬರ ಮನೆಯವರೂ ಅವಳ ಉಗುರು ನೋಡಿ, "ಲಗ್ನಾದ ಮ್ಯಾಲೆ ಗ್ಯಾರೇಜ್ ಬಿಡ್ತಾಳಲ್ರಿ?" ಎಂದು ಕೇಳಿದ್ದರು. ಇಬ್ಬರಿಗೂ ಅಪ್ಪ ಬಾಯಿ ತೆರೆಯುವ ಮೊದಲೇ ಅವಳೇ "ಇಲ್ಲ" ಎಂದಿದ್ದಳು. 'ತನ್ನ ಕುಂದನ್ನು ತಾನೇ ಒಪ್ಪಿಕೊಂಡ ಗಂಡಸನ್ನ ಇವತ್ತು ಕಂಡೆ...' ಎಂದುಕೊಂಡಳು.

ಆದರೆ ಕೆಲಸ ಕೆಲಸವೇ. ಗ್ಯಾರೇಜಿಗೆ ಮರಳಿ ಎಲ್ಲರೆದುರೇ ಹೇಳಿದಳು.

"ಎಂಜಿನ್ ಮುತ್ತಿನಂಥಾದ್ದು. ಮೈ ಮಾತ್ರ ಸುಳ್ಳು ಹೇಳಾಕತ್ತೈತಿ. ಎಲ್ಲೋ ಜೋರ್ ಹೊಡದು ತಳದ ಚಾಸಿ ಬಾಗೈತಿ. ಇದು ಬ್ಯಾಡ್ರಿ."

"ಮುಂಬೈ ಮಂದಿ ಓಡಿಸಿದ ಗಾಡಿಗೆ ಈ ಹುಡುಗಿ ಹೆಸರಿಡಾಕತ್ತಾಳ," ಎಂದು ಪರಮೇಶಪ್ಪ ನಕ್ಕ. ಓಣಿಯೂ ನಕ್ಕಿತು.

ಭುವನಾ ಸಿದ್ದಲಿಂಗೇಶನ ಮುಖ ನೋಡಿದಳು. ಅವನು ತಲೆ ತಗ್ಗಿಸಿ, "ಆತ್ರಿ," ಎಂದಷ್ಟೇ ಹೇಳಿ ಪರಮೇಶಪ್ಪನ ಜೊತೆ ಹೊರಟುಹೋದ.

ವಾರದೊಳಗೆ ಸುದ್ದಿ ಬಂತು. ಎದುರಿನ ಚಹಾ ಅಂಗಡಿಯ ಉಡಚಪ್ಪ ಗ್ಲಾಸು ತೊಳೆಯುತ್ತಲೇ ಹೇಳಿದ. "ಆ ಕೆಂಪು ಕಾರು ಬ್ಯಾಡಗಿಯಾಂವ ಒಯ್ದನಂತ ನೋಡವಾ."

ಭುವನಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. 'ನಂಬಲಿಲ್ಲ. ಹುಡುಗಿ ಮಾತೆಂದು ತಳ್ಳಿಹಾಕಿದ. ಬಾಗಿಲು ಹಿಡಿದು ಅಂಜೀನಿ ಅಂದವನೇ...' ಅವಳ ಎದೆ ಉರಿಯಿತು. ಪರಮೇಶಪ್ಪ ಸುಮ್ಮನಿರುವ ಕುಳವೇ? "ಅಕಿ ಬ್ಯಾಡಂದ ಗಾಡಿ ಹೂವಿನಂಗ ಮಾರಾಟ ಆತು" ಎಂದು ಮೂರೂ ಊರಲ್ಲಿ ಸಾರಿದ. ಗಾಡಿ ತೋರಿಸಲು ಬರುವವರು ಕಡಿಮೆಯಾದರು. ಅಪ್ಪ ಮೂವತ್ತು ವರ್ಷ ಗಳಿಸಿದ ಹೆಸರು ತನ್ನ ಕೈಯಲ್ಲಿ ಹೋಗುತ್ತದಲ್ಲ ಎಂಬ ಸಂಕಟ ಅವಳಿಗೆ.

ಆಮೇಲೆ ಒಂದು ವಿಚಿತ್ರ ನಡೆಯಿತು. ಬ್ಯಾಡಗಿಯಿಂದ ಮಂದಿ ಬರತೊಡಗಿದರು. ಒಬ್ಬ ಲಾರಿ ತಂದ, ಒಬ್ಬ ಹಳೇ ಜೀಪು ತಂದ, ಇನ್ನೊಬ್ಬ ಇನ್ನೂ ಕೊಂಡಿರದ ಕಾರು ತಂದ. ಯಾರು ಕಳಿಸಿದರೆಂದರೆ ಎಲ್ಲರದೂ ಒಂದೇ ಉತ್ತರ.

"ಸಿದ್ದಲಿಂಗೇಶಣ್ಣಾರು ಕಳಿಸ್ಯಾರ್ರಿ."

ಹತ್ತನೆಯವನು ಬಂದು ಹೋದ ದಿನ ಭುವನಾಳ ತಾಳ್ಮೆಯ ಕಟ್ಟೆ ಒಡೆಯಿತು. ಕೈ ತೊಳೆದು ಬಸ್ಸು ಹತ್ತಿದಳು.

ಮಾರ್ಚ್ ತಿಂಗಳ ಬ್ಯಾಡಗಿ. ಸುಗ್ಗಿಯ ಭರ. ಗೋದಾಮಿನ ಬಾಗಿಲಿಗೆ ಬರುವಷ್ಟರಲ್ಲಿ ಅವಳು ನಾಲ್ಕು ಸಲ ಸೀನಿದ್ದಳು. ಚೀಲದೊಳಗೆ ಮೊಣಕೈತನಕ ಕೈ ಹಾಕಿ, ತಳದ ಕಾಯಿ ತೆಗೆದು ನೋಡುತ್ತಿದ್ದ ಸಿದ್ದಲಿಂಗೇಶ ಅವಳನ್ನು ಕಂಡು ಹಾಗೇ ನಿಂತ.

"ನೀವು... ಇಲ್ಲಿ..."

"ನಾ ಬ್ಯಾಡಂದ ಗಾಡಿ ಒಯ್ದ್ರಿ. ಮತ್ತ ನನ್ನ ಹತ್ರ ಮಂದೀನ್ನ ಯಾಕ ಕಳಸ್ತೀರಿ? ಚ್ಯಾಷ್ಟಿ ಮಾಡಾಕತ್ತೀರೇನು?"

ಅವನು ಅವಳನ್ನು ಗೋದಾಮಿನ ಮೂಲೆಗೆ ಕರೆದೊಯ್ದು ತಾಡಪತ್ರಿ ಸರಿಸಿದ. ಕೆಂಪು ಕಾರು ಇಟ್ಟಿಗೆಗಳ ಮೇಲೆ ಕೂತಿತ್ತು. ಮುಂದಿನ ಗಾಜಿಗೆ ಒಂದು ರಟ್ಟು ಅಂಟಿಸಿದ್ದ. ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: "ಈ ಗಾಡಿಯ ಚಾಸಿ ಬಾಗಿದೆ. ಕಂಡುಹಿಡಿದವರು, ರಾಣೆಬೆನ್ನೂರಿನ ಭುವನಾ ಮೇಸ್ತ್ರಿ."

ಭುವನಾ ಅದನ್ನು ಎರಡು ಸಲ ಓದಿದಳು. ತನ್ನ ಹೆಸರಿನ ಮುಂದೆ ಮೇಸ್ತ್ರಿ ಎಂಬ ಮಾತನ್ನು ಇದುವರೆಗೆ ಯಾರೂ ಸೇರಿಸಿರಲಿಲ್ಲ...

"ಗೊತ್ತಿದ್ದೂ ಯಾಕ ತಗೊಂಡ್ರಿ?" ಅವಳ ದನಿ ಮೆತ್ತಗಾಗಿತ್ತು.

"ತೋರಸಾಕ ಬರೂಕಿಂತ ಮೊದಲ ಪರಮೇಶಪ್ಪಗ ಮಾತು ಕೊಟ್ಟಿದ್ದೆ. ನಮ್ಮ ಪ್ಯಾಟ್ಯಾಗ ಚೀಲಕ್ಕ ರೇಟು ಬರದು ಟೆಂಡರ್ ಚೀಟಿ ಹಾಕಿದ ಮ್ಯಾಲೆ ಹಿಂದ ಸರಿಯೂದಿಲ್ರಿ."

"ಮೋಸ ಮಾಡಿದಾಂವಗ ಕೊಟ್ಟದ್ದು ಒಂದು ಮಾತೇನ್ರಿ?"

"ಚೀಲದ ತಳಾ ನೋಡದ ಚೀಟಿ ಹಾಕಿದ್ರ ತಪ್ಪು ಹಾಕಿದಾಂವಂದ. ದಿನಾ ತಳಾ ನೋಡಾಂವ, ಅವತ್ತು ಬರೇ ಬಣ್ಣಾ ನೋಡಿದೆ. ಬ್ಯಾಡಗಿ ಮನುಷ್ಯಾ ನೋಡ್ರಿ, ಕೆಂಪು ಬಣ್ಣಕ್ಕ ಸೋತುಬಿಟ್ಟೆ."

ಭುವನಾಳಿಗೆ ನಗು ಬಂತು, ತಡೆದುಕೊಂಡಳು. "ಓಡಸಾಕತ್ತೀರೇನು ಮತ್ತ?"

"ಹಾವೇರಿಯಿಂದ ಇಲ್ಲೀತನಕ ಅಷ್ಟ. ನಲವತ್ತು ದಾಟಲಿಲ್ಲ. ಮೋಟೆಬೆನ್ನೂರಿನ ಹತ್ರ ಕಬ್ಬಿನ ಟ್ರ್ಯಾಕ್ಟರ್ ನನ್ನ ಹಿಂದ ಹಾಕಿ ಹೋತು. ಡ್ರೈವರ್ ನಕ್ಕೋತ ಕೈ ಬ್ಯಾರೆ ಬೀಸಿದಾ."

ಅವಳು ನಕ್ಕಳು, ಸೀನಿದಳು, ಮತ್ತೆ ನಕ್ಕಳು. ಎರಡು ತಿಂಗಳ ಉರಿ ಆ ನಗೆಯಲ್ಲಿ ಆರಿಹೋಯಿತು.

"ಅವತ್ತ ಒಂದು ಮಾತು ಹೇಳಬಾರದಿತ್ತೇನ್ರಿ?"

"ಯಾವ ಮಾರಿ ಇಟಗೊಂಡು ಹೇಳ್ಲಿ? ನಾಕ್ ಸಲ ರಾಣೆಬೆನ್ನೂರಿಗೆ ಬಂದು, ಉಡಚಪ್ಪನ ಅಂಗಡ್ಯಾಗ ಚಹಾ ಕುಡದು ಹೊಳ್ಳಿ ಬಂದೀನಿ. ನೀವು ಕೆಲಸಾ ಮಾಡೂದು ಕಾಣತಿತ್ತು. ಅಷ್ಟ ಸಾಕು ಅನಸ್ತಿತ್ತು..." ಅವನು ಒಮ್ಮೆ ಉಸಿರೆಳೆದುಕೊಂಡ. "ನಮ್ಮವ್ವ ದಿನಾ ಈ ರಟ್ಟು ಓದ್ತಾಳ. ಊರ ಮಂದೀನ್ನೆಲ್ಲಾ ಕಳಸ್ತೀ, ನೀ ಯಾವಾಗ ಹೋಗ್ತೀ ಅಂತ ನಿನ್ನೆ ಕೇಳಿದ್ಲು. ಕನ್ಯಾ ನೋಡಾಕ ಅಂತ ನಿಮ್ಮನಿಗೆ ಬರಲೇನ್ರಿ?"

ಭುವನಾ ಸೆಟೆದು ನಿಂತಳು.

"ನೋಡೂದು ನನ್ನ ಕೆಲಸ. ಮೊದಲ ನಾ ನೋಡ್ತೀನಿ. ಮುಚ್ಚಿಟ್ಟದ್ದೇನಾರ ಐತೇನ್ರಿ?"

"ಲೆಕ್ಕದಾಗ ನಪಾಸ್ ಆಗೀನಿ. ಗಾಡಿ ಬಗ್ಗೆ ಏನೂ ತಿಳಿಯೂದಿಲ್ಲ. ನೀವಂದ್ರ ಜೀವ. ಮತ್ತೇನಿಲ್ರಿ."

"ನಾ ಗ್ಯಾರೇಜ್ ಬಿಡೂದಿಲ್ಲ."

"ಬಿಡಬ್ಯಾಡ್ರಿ. ನೀವು ಬಿಟ್ಟರ ಬ್ಯಾಡಗಿ ಮಂದಿ ನನ್ನ ಬಿಡೂದಿಲ್ಲ."

ಈ ಉತ್ತರಕ್ಕಾಗಿ ಅವಳು ಎಷ್ಟು ದಿನ ಕಾದಿದ್ದಳೋ! ಕಣ್ಣು ತುಂಬಿ ಬಂತು. ಅದನ್ನು ಅವನು ನೋಡಬಾರದೆಂದು ತಟ್ಟನೆ ತಿರುಗಿ ಕಾರಿನ ಬಾನೆಟ್ ಎತ್ತಿದಳು.

"ಬೋಲ್ಟ್ ಬಿಚ್ಚಾಕ ಹದಿನಾಕು ನಂಬರ್ ಪಾನಾ ತರ್ರಿ."

ಅವನು ಓಡಿಹೋಗಿ ಗೋದಾಮಿನ ಡಬ್ಬಿ ತಡಕಾಡಿ ಒಂದು ಪಾನಾ ತಂದುಕೊಟ್ಟ. ಅವಳು ತಿರುಗಿಸಿ ನೋಡಿದಳು.

"ಇದು ಹನ್ನೆರಡು."

"ಕಲೀತೀನ್ರಿ."

"ಕಲಿಯಾಕ ಭಾಳ ವರ್ಷ ಹಿಡೀತೈತಿ."

"ಹಿಡೀಲಿ ಬಿಡ್ರಿ," ಎಂದು ಅವನು ಅವಳ ಪಕ್ಕಕ್ಕೆ ಬಂದು ನಿಂತ. "ನನಗೇನೂ ಅವಸರಿಲ್ಲ."