ಮುನ್ನೂರ ಹನ್ನೆರಡು ಅಳತೆ

"ಸ್ವಲ್ಪ ಏಳ್ತೀರಾ? ನೀವು ಕೂತಿರೋ ಜಾಗದಲ್ಲಿ ನಾನು ನಿಂತ್ಕೋಬೇಕು."

ಮೊದಲ ಭೇಟಿಯಲ್ಲೇ ಹೆಣ್ಣೊಬ್ಬಳಿಗೆ ಹೀಗೆನ್ನುವ ಗಂಡಸನ್ನು ನಾನು ಕಂಡಿರಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ರೆಕಾರ್ಡ್ ರೂಮ್ ನನ್ನದು. ಹನ್ನೊಂದು ವರ್ಷದಿಂದ ಆ ಕುರ್ಚಿಯಿಂದ ನನ್ನನ್ನು ಎಬ್ಬಿಸಿದವರಿಲ್ಲ.

"ಯಾಕೆ? ನನ್ನ ಕುರ್ಚಿ ನಿಮಗೇನು ಮಾಡಿದೆ?"

"ಆಸ್ಪತ್ರೆ ಒಳಗೆ ದಾರಿ ತೋರ್ಸೋ ಮ್ಯಾಪ್ ಮಾಡ್ತಿದೀನಿ ಮೇಡಂ. ಉಪಗ್ರಹದ ಸಿಗ್ನಲ್ ಇಷ್ಟು ಕೆಳಗೆ ಬರಲ್ಲ. ಫೋನ್ ಎಲ್ಲಿದೆ ಅಂತ ಮ್ಯಾಪಿಗೆ ಗೊತ್ತಾಗಲ್ಲ. ಒಂದೊಂದು ಜಾಗದಲ್ಲೂ ವೈಫೈ ಎಷ್ಟು ಜೋರಾಗಿ ಸಿಗುತ್ತೆ ಅಂತ ಅಳೆದಿಟ್ರೆ, ಆಮೇಲೆ ಫೋನೇ ಹೋಲಿಸಿ ನೋಡಿ, ನಾನಿಲ್ಲಿದೀನಿ ಅನ್ನುತ್ತೆ."

ಎದ್ದೆ. ಅವರು ಫೋನನ್ನು ಎದೆಯ ಹತ್ತಿರ ಹಿಡಿದು ಒಂದೊಂದು ದಿಕ್ಕಿಗೂ ತಿರುಗಿ ಅಲುಗಾಡದೆ ನಿಂತರು. ನಾಲ್ಕನೆಯ ದಿಕ್ಕಿನಲ್ಲಿ ನಾನಿದ್ದೆ. ಆ ದಿಕ್ಕಿಗೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಬೇಕಾಯಿತು.

ಮರುದಿನ ಮತ್ತೆ ಬಂದರು. ನಿನ್ನೆಯದು ಸರಿ ಬಂದಿಲ್ಲವಂತೆ. ಅದರ ಮರುದಿನವೂ ಸರಿ ಬಂದಿಲ್ಲವಂತೆ. ನರ್ಸುಗಳು ಅವರಿಗೆ 'ಅಳತೆ ಸಾಹೇಬರು' ಎಂದು ಹೆಸರಿಟ್ಟರು. ಔಷಧಿ ಸ್ಟೋರಿಗೆ ಸಾಹೇಬರು ಹೋದದ್ದು ಒಂದೇ ಸಲ, ಇದು ನನ್ನ ಗಮನಕ್ಕೆ ಬಾರದೆ ಇರಲಿಲ್ಲ. ನಾನು ಬಾಯಿಬಡುಕಿ. ಆದರೂ ಕೇಳಲಿಲ್ಲ. ಕೇಳಿದರೆ ಬರುವುದನ್ನೇ ನಿಲ್ಲಿಸಿಬಿಟ್ಟರೆ?

ಹೀಗೇ ತಿಂಗಳು ಕಳೆದ ಮೇಲೆ ಒಂದು ದಿನ ಅವರೇ ಹೇಳಿದರು. "ಇನ್ನು ತೊಂದರೆ ಕೊಡಲ್ಲ. ಇಲ್ಲಿಯ ಕೆಲಸ ಮುಗೀತು."

"ಮತ್ತೆ ಅಳೆಯೋದೇ ಇಲ್ವಾ?" ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ಕಬ್ಬಿಣದ ಬೀರು ಗೀರು ಜರುಗಿಸಿದ್ರೆ ಸಿಗ್ನಲ್ ಬದಲಾಗುತ್ತೆ. ಆಗ ಮಾತ್ರ." ಹೇಳಿ, ಕನ್ನಡಕದ ಅಂಚಿನಿಂದ ನನ್ನತ್ತ ಒಮ್ಮೆ ನೋಡಿದರು.

ಮರುದಿನ ಬೆಳಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀರುವನ್ನು ಒಂದು ಗೇಣು ತಳ್ಳಿದೆ. ಹೇಳಿಕಳಿಸಿದೆ, ಅವರು ಬಂದರು. ಎರಡು ದಿನ ಬಿಟ್ಟು ಇನ್ನೊಂದು ಗೇಣು. ಮೂರು ವಾರದಲ್ಲಿ ಬೀರು ಅರ್ಧ ರೂಮು ದಾಟಿತು, ನನ್ನ ಸೊಂಟ ಬಿದ್ದುಹೋಯಿತು, ಮನಸ್ಸು ಮಾತ್ರ ಹಗುರವಾಗಿತ್ತು.

ಮ್ಯಾಪಿನ ಪರೀಕ್ಷೆಯ ದಿನ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ ಕೆಳಗಿಳಿದು ಬಂದರು, ನಾವೆಲ್ಲ ಕಾರಿಡಾರಿನಲ್ಲಿ ಸೇರಿದೆವು. ಇವತ್ತು ಎಡವಿದರೆ ಸಾಹೇಬರ ಕೆಲಸ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬ ನರ್ಸ್ ಫೋನ್ ಹಿಡಿದು ಲ್ಯಾಬಿನಲ್ಲಿ ನಿಂತಳು, ಇನ್ನೊಬ್ಬಳು ಔಷಧಿ ಸ್ಟೋರಿನಲ್ಲಿ. ಸಾಹೇಬರ ಕೈಲಿದ್ದ ಪರದೆಯ ಮೇಲೆ ಆ ಎರಡು ಫೋನುಗಳ ಚುಕ್ಕಿಗಳು ತೂರಾಡಿಕೊಂಡು ಬಂದು ನನ್ನ ಮೇಜಿನ ಮೇಲೆ ಕೂತವು.

"ಎಲ್ರೂ ರೆಕಾರ್ಡ್ ರೂಮಲ್ಲೇ ಇದ್ದಾರಲ್ರೀ! ಅಲ್ಲೇನು ಊಟ ಹಾಕ್ತಿದ್ದಾರಾ?" ಎಂದರು ಡಾಕ್ಟರಮ್ಮ.

ಸಾಹೇಬರ ಮುಖ ಬಿಳಿಚಿಕೊಂಡಿತು. "ಬೇರೆ ಜಾಗಗಳಿಗೆ ಎಂಟೆಂಟು ಅಳತೆ ಇದೆ ಮೇಡಂ. ಆ ಮೇಜಿಗೆ ಮುನ್ನೂರ ಹನ್ನೆರಡು. ಒಂದೊಂದೂ ಒಂದೊಂದು ಥರ. ಅದಕ್ಕೇ ಫೋನಿಗೆ ಎಲ್ಲಿ ನಿಂತ್ರೂ ಆ ಮೇಜಿನ ಹಾಗೇ ಅನ್ಸುತ್ತೆ. ತಪ್ಪು ನನ್ನದು."

"ಮುನ್ನೂರ ಹನ್ನೆರಡು ಯಾಕೆ?"

ಅವರು ತಲೆ ತಗ್ಗಿಸಿದರು. ಮರ್ಯಾದೆಯಿಂದ ಸುಮ್ಮನಿರಬಹುದಿತ್ತು ನಾನು. ಆದರೆ ಆ ಬಗ್ಗಿದ ತಲೆಯನ್ನು ನೋಡಲಾಗಲಿಲ್ಲ.

"ಬೀರು ಜರುಗಿಸ್ತಾ ಇದ್ದಿದ್ದು ನಾನು," ಎಂದೆ. "ಇವರು ಮತ್ತೆ ಬರ್ಲಿ ಅಂತ."

ನರ್ಸುಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. "ಒಂದು ವಾರ ಕೊಡ್ತೀನಿ. ಸರಿ ಮಾಡಿ. ಇನ್ನು ಆ ಬೀರು ಜರುಗಿದ್ರೆ ಇಬ್ರನ್ನೂ ಮನೆಗೆ ಕಳಿಸ್ತೀನಿ."

ಎಲ್ಲರೂ ಹೋದ ಮೇಲೂ ಅವರು ನಿಂತೇ ಇದ್ದರು.

"ಮೊದಲನೇ ದಿನದ ಅಳತೆನೇ ಸರಿಯಾಗಿತ್ತು."

"ಗೊತ್ತು."

"ನೀವಂದ್ರೆ ನಂಗೆ ತುಂಬಾ ಇಷ್ಟ. ವಾರ ಆದ್ಮೇಲೆ ಇಲ್ಲಿ ನಂಗೆ ಕೆಲಸ ಇರಲ್ಲ. ಕೆಲಸ ಇಲ್ದೇ ಬಂದ್ರೆ..."

"ಇಲ್ಲಿಗೆ ಬರ್ಬೇಡಿ."

ಅವರ ಮುಖ ಚಿಕ್ಕದಾಯಿತು. ಮೂವತ್ತಾರು ವರ್ಷದವಳು ನಾನು, ಆದರೂ ಕೆನ್ನೆ ಬಿಸಿಯಾಯಿತು.

"ಭಾನುವಾರ ಮನೆಗೆ ಬನ್ನಿ. ಅಮ್ಮಂಗೆ ಹೇಳಿಟ್ಟಿರ್ತೀನಿ."

"ಏನಂತ?"

"ನಾನು ಒಪ್ಪಿರೋರು ಬರ್ತಾರೆ ಅಂತ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು.