ಬೇವಿನ ತಿರುವಿನ ಬಿಳಿ ಗಾಡಿ

ಔರಾದ ಕಡೆಯಿಂದ ಬಂದ ಮುಂಜಾನೆಯ ಬಸ್ಸು ಬೇವಿನ ತಿರುವಿನಲ್ಲಿ ಗಕ್ಕನೆ ನಿಂತಿತು. ರಸ್ತೆಯಂಚಿಗೆ ಒಣಹಾಕಿದ್ದ ಸೋಯಾ ಚೆಲ್ಲಾಪಿಲ್ಲಿಯಾಗಿತ್ತು. ಅದರ ನಡುವೆ, ಮೂರು ದಿನದಿಂದ ಅದನ್ನು ಕಾಯುತ್ತ ಕೂತಿದ್ದ ಮುದುಕಿ ಮೀರಾಬಾಯಿ ಬಿದ್ದಿದ್ದಳು. ತಿರುವಿನಾಚೆ, ತಗ್ಗಿನಲ್ಲಿ, ಮೂತಿ ಜಜ್ಜಿಹೋದ ಬಿಳಿ ರ‍್ಯಾಲಿ ಕಾರು. ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

ಗುದ್ದಿದವನು ತಿರುಗಿಯೂ ನೋಡದೆ ಓಡಿದ್ದ.

ಕಾರು ಯಾರದೆಂದು ಪಿಎಸ್‌ಐ ದತ್ತಾತ್ರೇಯ ಯಾರನ್ನೂ ಕೇಳಬೇಕಾಗಲಿಲ್ಲ. ಎರಡು ದಿನ ಇದೇ ಡಾಂಬರು ರಸ್ತೆಯನ್ನು ಪರವಾನಗಿ ಪಡೆದು ಬಂದ್ ಮಾಡಿಸಿ, ಭಾಲ್ಕಿಯ ಸಿದ್ದೇಶ್ವರ ಸಾವಕಾರರು ತಮ್ಮ ಎರಡು ಕಾರುಗಳನ್ನು ಚಾಲಕರಿಂದ ಓಡಿಸಿ ನೋಡಿದ್ದರು. ಬಿಳಿಯದು ಟರ್ಬೋ. ತಾನು ಬಿಟ್ಟ ಹೊಗೆಯ ಬಿರುಸಿನಿಂದಲೇ ಗಾಳಿಯನ್ನು ಒಳಗೆ ತುರುಕಿಸಿಕೊಂಡು ಬಲ ಹೆಚ್ಚಿಸಿಕೊಳ್ಳುವ ಇಂಜಿನ್. ಕೆಂಪನೆಯದು ಸಾದಾ, ತನ್ನ ಉಸಿರು ತಾನೇ ಎಳೆದುಕೊಳ್ಳುವಂಥದು. ಡಾಂಬರಿನ ಮೇಲೆ ಯಾವುದು ಮುಂದು? ಗೆದ್ದದ್ದನ್ನು ಉಳಿಸಿಕೊಳ್ಳುವುದು, ಇನ್ನೊಂದನ್ನು ಮಾರುವುದು ಸಾವಕಾರರ ವಿಚಾರ. ಬಿಳಿ ಕಾರು ನಡೆಸುವವನು ಬೀದರಿನ ಕಲೀಮ. ಕೆಂಪು ಕಾರು ಕಮಲನಗರದ ನಿತಿನನದು.

ಮಧ್ಯಾಹ್ನದೊಳಗೆ ಕಲೀಮ ಠಾಣೆಯ ಬೆಂಚಿನ ಮೇಲಿದ್ದ.

"ಮುಂಜಾನೆ ಎಲ್ಲಿದ್ದಿ?"

"ಮನ್ಯಾಗೇ ಇದ್ದೆರಿ."

"ನಮಾಜಿಗಿ ಮಸೂತಿಗಿ ಹೋಗಿದ್ದೇನು?"

"ಜ್ವರ ಬಂದಿತ್ತರಿ. ಮನ್ಯಾಗೇ ಓದಿದೆ."

"ಯಾರು ನೋಡ್ಯಾರ?"

"ಮ್ಯಾಲಿನವ ನೋಡ್ಯಾನರಿ."

"ಅವನ್ನ ಕೋರ್ಟಿಗಿ ಹ್ಯಾಂಗ ಕರಿಸಲಿ?" ಎಂದರು ದತ್ತಾತ್ರೇಯ. ನಾಳೆ ಇವನನ್ನು ಕೋರ್ಟಿಗೆ ಹಾಜರುಪಡಿಸಿದರೆ ಕೆಲಸ ಮುಗಿಯುತ್ತಿತ್ತು. ಕಲೀಮನ ಪಾಲಿಗೆ ಮುಗಿಯುವುದು ಇನ್ನೂ ಬಹಳವಿತ್ತು. ಸ್ಟೀರಿಂಗ್, ಹೆಸರು, ಬೀದರಿನ ಓಣಿಯಲ್ಲಿ ತಲೆಯೆತ್ತಿ ನಡೆಯುವುದು. ಮುಂಜಾನೆ ಸುದ್ದಿ ಕೇಳಿದವನೇ ಜ್ವರದಲ್ಲೇ ಆಸ್ಪತ್ರೆಗೆ ಓಡಿದ್ದ. "ಅವನ ಮಾರಿ ನಮ್ಮವ್ವಗ ತೋರಿಸಬ್ಯಾಡ್ರಿ," ಎಂದು ಮೀರಾಬಾಯಿಯ ಮಗಳು ಸುಲಭಾ ಅವನನ್ನು ಬಾಗಿಲಿನಿಂದಲೇ ಅಟ್ಟಿದ್ದಳು.

ಅಷ್ಟರಲ್ಲಿ ವಿಮೆಯವರು ಬಂದರು. ಕಾರಿನ ನಷ್ಟ ಅಂದಾಜು ಮಾಡುವ ಸರ್ವೇಯರ್ ಖೈರುನ್ನಿಸಾ. ಐವತ್ತರ ಹೆಂಗಸು, ಮಾತು ಕಡಿಮೆ. ಎದುರಿನವರು ಮಾತಾಡುವಾಗ ಮಜಲಿಸಿನ ಕೂಟದಲ್ಲಿ ಪಠಣ ಕೇಳುವವರಂತೆ ಕಣ್ಣು ಮುಚ್ಚುತ್ತಿದ್ದರು. ದತ್ತಾತ್ರೇಯರಿಗೆ ಅದು ನಿದ್ದೆಯಂತೆ ಕಂಡಿತು.

ಬೇವಿನ ತಿರುವಿನಲ್ಲಿ ಕಾರು ಇನ್ನೂ ತಗ್ಗಿನಲ್ಲೇ ಇತ್ತು. ಕ್ರೇನ್ ಬಂದಿರಲಿಲ್ಲ. ಖೈರುನ್ನಿಸಾ ಜಜ್ಜಿದ ಮೂತಿಯ ಕಡೆ ಹೋಗಲೇ ಇಲ್ಲ. ಚಾಲಕನ ಬಾಗಿಲಲ್ಲಿ ತಲೆ ಹಾಕಿ ನಿಂತರು.

"ಸಾಹೇಬ್ರ, ಗೇರಿಗಿ ಯಾರರ ಕೈ ಹಚ್ಚ್ಯಾರೇನು?"

"ಇಲ್ರಿ. ಎರಡನೇ ಗೇರಿನ್ಯಾಗೇ ಜಾಮ್ ಆಗ್ಯದ. ಯಾಕ?"

"ಹಾಂಗೇ ಕೇಳ್ದೆ."

ಆಮೇಲೆ ರಸ್ತೆಗೆ ಬಂದು ತಿರುವಿನುದ್ದಕ್ಕೂ ತಲೆ ತಗ್ಗಿಸಿ ನಡೆದರು. ಟೈರು ಉಜ್ಜಿದ ಕಪ್ಪು ಗೆರೆಗಳಿದ್ದವು. ಅವು ತಗ್ಗಿನ ಕಡೆ ಎಲ್ಲಿ ಮುಗಿದವೆಂದು ದತ್ತಾತ್ರೇಯ ಆಗಲೇ ನೋಡಿದ್ದರು. ಖೈರುನ್ನಿಸಾ ನೋಡಿದ್ದು ಎಲ್ಲಿ ಹುಟ್ಟಿದವೆಂದು. ತಿರುವಿನ ಕೊನೆಯ ಬೇವು ದಾಟಿದಲ್ಲಿ ಅವರು ನಿಂತುಬಿಟ್ಟರು.

"ಸೋಯಾದ ಹೊಟ್ಟಿನ ಮ್ಯಾಲ ಜಾರ್‍ಯಾದರಿ ಮೇಡಂ," ಎಂದರು ದತ್ತಾತ್ರೇಯ.

"ಹೊಟ್ಟು ಆ ಬಾಜೂ ಅದ. ಗೆರಿ ಈ ಬಾಜೂ ಹುಟ್ಟ್ಯಾವ. ಮೀರಾಬಾಯಿ ಏನರ ಅಂದಾಳೇನು?"

"ಅರಿವಿಲ್ದ ಕನವರಿಸ್ಲಾಕತ್ತಾಳ. 'ಬಿಳೇದು ಕೆಂಪದರಂಗ ಚೀರ್ತು' ಅಂತಾಳ. ತಲಿಗಿ ಪೆಟ್ಟು ಬಿದ್ದದ, ಬಣ್ಣ ಕಲಸಿ ಹೋಗ್ಯಾವ."

ಖೈರುನ್ನಿಸಾ ಕಣ್ಣು ಮುಚ್ಚಿದರು. "ಇನ್ನೊಮ್ಮಿ ಹೇಳ್ರಿ. ಆಕಿ ಅಂದಾಂಗೇ."

ದತ್ತಾತ್ರೇಯ ಮತ್ತೆ ಹೇಳಿದರು, ಒಳಗೊಳಗೇ ಬೇಸರಪಡುತ್ತ.

ಸಂಜೆ ಭಾಲ್ಕಿಯಲ್ಲಿ, ಸಾವಕಾರರ ಶೆಡ್ಡಿನಲ್ಲಿ ಕೆಂಪು ಕಾರು ಒಂಟಿಯಾಗಿ ನಿಂತಿತ್ತು. ಎರಡೂ ಕಾರಿನ ಕೀಲಿಗಳು ತೂಗುವ ಮೊಳೆ ಅದರ ಹಿಂದಿನ ಗೋಡೆಯಲ್ಲಿತ್ತು. ಶೆಡ್ಡಿನ ಬೀಗ ಯಾರೂ ಮುರಿದಿರಲಿಲ್ಲ. ಅದರ ಕೀಲಿ ಇದ್ದದ್ದು ಮೂವರ ಬಳಿ: ಸಾವಕಾರರು, ಕಲೀಮ, ನಿತಿನ. ಕಟ್ಟೆಯ ಮೇಲೆ ಸಾವಕಾರರು ವಾರದ ಹಿಂದೆಯೇ ಮುರಿದು ಪ್ಲಾಸ್ಟರ್ ಹಾಕಿದ್ದ ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದರು. ಕಲೀಮನನ್ನು ಪೇದೆಯೊಬ್ಬ ಹಿಡಿದು ನಿಂತಿದ್ದ. ನಿತಿನ ಕೆಂಪು ಕಾರಿನ ಬಾನೆಟ್ಟಿಗೆ ಒರಗಿದ್ದ.

"ನಿತಿನ್, ನೀವು ಮುಂಜಾನೆ ಎಲ್ಲಿದ್ರಿ?" ಎಂದು ದತ್ತಾತ್ರೇಯ ಕೇಳಿದರು.

"ಕಮಲನಗರದಾಗ. ಮಲಗಿದ್ದೆ. ನನಗ ಆ ಗಾಡಿ ಕೂಡ ಏನು ಕೆಲಸರಿ? ನಾ ಅದರಾಗ ಒಮ್ಮಿನೂ ಕುಂತಿಲ್ಲ."

"ಯಾಕ ಕುಂತಿಲ್ಲ?" ಖೈರುನ್ನಿಸಾ ಮೆಲ್ಲಗೆ ಕೇಳಿದರು.

"ಕಡ ತಂದ ಉಸಿರಿನ ಮ್ಯಾಲ ಓಡೋ ಗಾಡಿ ಅದು ಮೇಡಂ. ಕೇಳಿದಾಗ ಕೊಡಂಗಿಲ್ಲ. ಕೊಟ್ಟಾಗ ನಮಗ ಬೇಕಾಗಿರಂಗಿಲ್ಲ."

"ಆದ್ರೂ ನಿನ್ನಿ ಅದೇ ಮುಂದ ಬಂತು," ಎಂದ ಕಲೀಮ.

"ಏರಿನ್ಯಾಗ ಬಂತು ಭಾಯಿ. ತಿರುವಿನ್ಯಾಗ ನನ್ನ ಬೆನ್ನು ನೋಡಿದಿ."

"ತಿರುವಿನ್ಯಾಗ ನಿನ್ನ ಗಾಡಿ ಒದರಿದ್ದು ಔರಾದ ತನಕ ಕೇಳಿರಬೇಕು."

ಸಾವಕಾರರು ಒಳಗೊಳಗೇ ನಕ್ಕರು. ದತ್ತಾತ್ರೇಯರಿಗೆ ರೇಗಿತು. ಅಲ್ಲೊಬ್ಬಳು ಹೆಣ್ಣುಮಗಳು ಸಾವು ಬದುಕಿನ ನಡುವೆ, ಇಲ್ಲಿ ಇವರ ಗಾಡಿಜಗಳ. ಆದರೆ ಖೈರುನ್ನಿಸಾ ಕೈಯೆತ್ತಿ ತಡೆದರು.

"ನನಗ ತಿಳಿಯಂಗಿಲ್ಲಪ್ಪಾ, ತಿಳಿಸಿ ಹೇಳ್ರಿ. ಬೇವಿನ ತಿರುವಿನ್ಯಾಗ ಹ್ಯಾಂಗ ಹೋಗ್ತೀರಿ? ಮೊದಲ ನಿತಿನ್."

ನಿತಿನನ ಕಣ್ಣು ಬೆಳಗಿದವು. "ಎರಡನೇ ಗೇರ್. ಸಾದಾ ಇಂಜಿನ್ ಜೋರಾಗಿ ತಿರುಗಿದ್ರೇ ಬಲ, ಅದಕ್ಕ ಚೀರಿಸಬೇಕು. ಕಡೀ ಬೇವು ದಾಟೋತನಾ ಕಾಯ್ಬೇಕು, ಆಮ್ಯಾಲ ರೇಸ್. ಕೇಳಿದ ಗಳಿಗಿಗೇ ಕೊಡ್ತದ."

"ಕಲೀಮ್?"

"ನಂದು ಮೂರನೇ ಗೇರ್ ಆಪಾ. ಇದಕ್ಕ ಚೀರಿಸೋದು ಬೇಕಾಗಿಲ್ಲ, ಕೆಳಗಿನಿಂದೇ ಎಳೀತದ. ಆದ್ರ ರೇಸ್ ಕೊಟ್ಟ ಮ್ಯಾಲ ಒಂದು ಉಸಿರು ತಡ ಮಾಡ್ತದ. ಅದಕ್ಕೇ ಮೊದಲನೇ ಬೇವಿಗೇ ರೇಸ್ ಕೊಡ್ತೇನಿ. ನಡು ತಿರುವಿಗಿ ಬಲ ಬಂದಿರ್ತದ."

"ಕಡೀ ಬೇವಿಗಿ ಕೊಟ್ರ?"

"ತಿರುವು ಮುಗಿಯೋ ಹೊತ್ತಿಗಿ ದುಪ್ಪಟ್ಟು ಬಂದು ಬೀಳ್ತದ. ಎರಡನೇ ಗೇರಿನ್ಯಾಗ ಇದ್ರಂತೂ ಮುಂದಿನ ಗಾಲಿ ಹಿಡಿತ ಬಿಟ್ಟು ಗಾಡಿ ಸೀದಾ ಹೊರಗ..."

ಕಲೀಮನ ಮಾತು ಅಲ್ಲಿಗೇ ನಿಂತಿತು. ಅವನು ನಿತಿನನ ಕಡೆ ನೋಡಿದ.

"ಸಾಹೇಬ್ರ," ಖೈರುನ್ನಿಸಾ ಅಂದರು, "ಕಾರಿನ ಗೇರ್ ಯಾವುದ್ರಾಗ ಜಾಮ್ ಆಗಿತ್ತು?"

"ಎರಡನೇದು," ಎಂದರು ದತ್ತಾತ್ರೇಯ. ತಮ್ಮ ದನಿ ತಮಗೇ ಹೊಸದಾಗಿ ಕೇಳಿಸಿತು.

"ಟೈರಿನ ಗೆರಿ ಹುಟ್ಟಿದ್ದು?"

"ಕಡೀ ಬೇವು ದಾಟಿದ ಮ್ಯಾಲ."

"ಬಿಳಿ ಗಾಡಿ, ಆದ್ರ ಕೆಂಪು ಗಾಡಿಯ ಕೈ. ಕಲೀಮ್ ನಡೆಸಿದ್ರ ಗೆರಿ ಅಲ್ಲಿ ಹುಟ್ಟತಿದ್ದಿಲ್ಲ, ಗೇರ್ ಅದರಾಗ ಇರತಿದ್ದಿಲ್ಲ."

"ಇದೇನು ಸಾಕ್ಷಿ ಆಯ್ತೇನ್ರಿ?" ನಿತಿನ ನಕ್ಕ. ನಗು ಬಾಯಿಗಷ್ಟೇ ಬಂತು. "ಯಾವನೋ ಕಳ್ಳ ಒಯ್ದಿರ್ತಾನ. ಅವಗ ಎರಡನೇದೇನು, ಮೂರನೇದೇನು?"

"ಕಳ್ಳ ಬೀಗ ಮುರೀತಿದ್ದ. ಬೀಗ ಹಾಂಗೇ ಅದ. ಮೂರು ಕೀಲಿ. ಸಾವಕಾರ್ರ ಎಡಗೈ ಕೊರಳಾಗ ಅದ, ಗೇರ್ ಹಾಕೋದು ಅದೇ ಕೈಲೆ. ಕಲೀಮ್ ಅಲ್ಲ ಅಂತ ರಸ್ತಿ ಹೇಳ್ತದ. ಉಳಿದವರು ಯಾರು?"

"ಕಲೀಮನೇ ಬೇಕಂತ ಹಾಂಗ ಓಡಿಸಿದ್ರ?"

"ತಗ್ಗಿಗಿ ಬೀಳ್ಬೇಕಂತ ಓಡಿಸ್ಯಾನೇನು?"

ನಿತಿನ ಬಾನೆಟ್ಟಿನಿಂದ ಸರಿದು ನಿಂತ. ದತ್ತಾತ್ರೇಯ ಅವನ ಹತ್ತಿರ ಹೋದರು.

"ಅಂಗಿ ಗುಂಡಿ ಬಿಚ್ಚು."

"ಯಾಕ್ರಿ?"

"ಅಂಥಾ ಪೆಟ್ಟಿಗಿ ಸೀಟಿನ ಪಟ್ಟಿ ಹೆಗಲಿನ ಮ್ಯಾಲ ಬಾಸುಂಡಿ ಎಬ್ಬಿಸಿರಬೇಕು. ಇಲ್ಲಂದ್ರ ನಿನ್ನ ಕ್ಷಮಾ ಕೇಳ್ತೇನಿ."

ನಿತಿನ ಗುಂಡಿಗೆ ಕೈ ಹಾಕಲಿಲ್ಲ. ಕೆಂಪು ಕಾರಿನ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಕೆಂಪದನ್ನ ಮಾರ್ತೀನಿ ಅಂದ್ರು ಸಾವಕಾರ್ರು. ಮುಂದ ಬಿಳೇದೊಂದೇ. ಅದನ್ನ ನಡೆಸ್ಲಿಕ್ಕಿ ನನಗ ಬರ್ತದೋ ಇಲ್ಲೋ ನೋಡ್ಬೇಕಿತ್ತು. ಯಾರೂ ಏಳೋದಕ್ಕಿಂತ ಮೊದಲ ಒಂದು ಸುತ್ತು ಹಾಕಿ ತಂದಿಟ್ರಾಯ್ತು ಅಂದ್ಕೊಂಡೆ."

"ಕೇಳಿದ್ರ ಬಾಜೂ ಕುಂತು ನಾನೇ ಕಲಿಸ್ತಿದ್ದೆ," ಎಂದ ಕಲೀಮ.

"ನಾಕು ವರ್ಷ ನಿನ್ನ ಗಾಡಿಗಿ ನಕ್ಕೇನಿ ಭಾಯಿ. ಯಾವ ಬಾಯಿಲೆ ಕೇಳ್ಲಿ?"

"ಅದು ಹೋಗ್ಲಿ. ಆ ಆಯಿನ್ನ ಯಾಕ ಬಿಟ್ಟು ಓಡಿದಿ?"

ಲಾರಿ ಹತ್ತಿ ಕಮಲನಗರಕ್ಕೆ ಹೋದದ್ದು, ಹೆಲ್ಮೆಟ್ಟನ್ನು ದಾರಿಯ ಬಾವಿಗೆ ಎಸೆದದ್ದು, ಎಲ್ಲವನ್ನೂ ನಿತಿನ ಆಮೇಲೆ ಜೀಪಿನಲ್ಲಿ ಹೇಳಿದ. ಆ ಒಂದನ್ನು ಮಾತ್ರ ಕೊನೆಯವರೆಗೂ ಹೇಳಲಿಲ್ಲ.

ಪೇದೆ ಕಲೀಮನ ತೋಳು ಬಿಟ್ಟ. ದತ್ತಾತ್ರೇಯ ಏನಾದರೂ ಅನ್ನಬೇಕೆಂದುಕೊಂಡರು. "ಮನಿಗಿ ಹೋಗು. ಜ್ವರ ಅದ," ಅಂದರು. ಅಷ್ಟೇ ಬಂತು.

ಕಲೀಮ ಹೋಗಲಿಲ್ಲ. "ದವಾಖಾನಿಗಿ ಬಿಡ್ತಾರೇನ್ರಿ ಈಗ? ನಾ ಅಲ್ಲ ಅಂತ ಆ ಆಯಿಗಿ ಒಮ್ಮಿ ಹೇಳ್ಬೇಕ್ರಿ."

ಖೈರುನ್ನಿಸಾ ಸೆರಗು ತಲೆಯ ಮೇಲೆ ಸರಿಪಡಿಸಿಕೊಂಡು ಶೆಡ್ಡಿನ ಬಾಗಿಲಿಗೆ ನಡೆದರು.

"ನಡಿ, ನಾನೂ ಬರ್ತೇನಿ. ಎರಡು ದಿನ ರಸ್ತಿ ದಂಡಿಗಿ ಕುಂತು ಎರಡೂ ಗಾಡಿಯ ದನಿ ಕೇಳಿದಾಕಿ ಆಕಿ. ಬಿಳೇದು ಕೆಂಪದರಂಗ ಚೀರ್ತು ಅಂತ ಮುಂಜಾನೇನೇ ಅಂದಾಳ. ನೀ ಅಲ್ಲ ಅಂತ ಆಕಿಗಿ ಹೇಳೋದೇನದ? ನಮಗ ಹೇಳಿದಾಕೀನೇ ಆಕಿ."